ಎದೆ ಅಳತೆ

ಮೂರು ತಿಂಗಳು ತಪ್ಪನ್ನು ಗುಂಡುಸೂಜಿಯ ಮೇಲೆ ಹಾಕಿದೆ.
ಅಂಗಿಯ ಎಡಗಡೆ ಸಾಲಾಗಿ ಚುಚ್ಚಿಕೊಳ್ಳುವುದು
ಮತ್ರಾದ ಈ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದ ಅಭ್ಯಾಸ.
ಬನಿಯನ್ನಿನಲ್ಲಿ ಬೊಟ್ಟಿನಷ್ಟು ಕಲೆ.
ಒಗೆದೆ. ಮರುದಿನ ಮತ್ತೆ, ಅದೇ ಜಾಗ.
ಕಟಿಂಗ್ ಮೇಜಿನಾಚೆಯಿಂದ ಮುಲ್ತಾನಿನ ಗುಲ್‌ಷೇರ್ ಕೇಳಿದ:
ಮಾಸ್ಟರ್, ಸೂಜಿ ದಿನಾ ಒಂದೇ ಕಡೆ ಚುಚ್ಚುತ್ತದೆಯೇ?

ಎಷ್ಟು ಎದೆ ಅಳೆದಿಲ್ಲ ನಾನು!
ಮೀನು ಮಾರ್ಕೆಟ್ಟಿನ ಹರಾಜುಗಾರನದು, ನಲವತ್ತಾರು.
ಉಸಿರು ಬಿಗಿಹಿಡಿದು ಒಂದಿಂಚು ಹೆಚ್ಚಿಸಿಕೊಂಡ ಮದುಮಗನದು.
ದಿಶ್‌ದಾಶದ ಕೊರಳಿಂದ ಇಳಿಬಿದ್ದ ಗೊಂಡೆಯನ್ನು
ಅತ್ತರಿನಲ್ಲಿ ಅದ್ದಿಕೊಂಡು ಬರುವ ಮುದುಕರದು.
ಟೇಪು ಬೆನ್ನು ಸುತ್ತಿ ಬಂದು ಎಡಗಡೆ ಒಂದು ಜಾಗದಲ್ಲಿ ಕೂಡುತ್ತದೆ,
ಅಲ್ಲೇ ಹೆಬ್ಬೆರಳಿಟ್ಟು ಅಂಕಿ ಓದುತ್ತೇವೆ.
ಆ ಜಾಗಕ್ಕೊಂದು ಹೆಸರಿದೆಯೆಂದು ಯಾರು ಯೋಚಿಸುತ್ತಾರೆ.

ಆಸ್ಪತ್ರೆಯಲ್ಲಿ ಆ ಯಂತ್ರವಿರುವುದು ಹೆಂಗಸರ ಕಡೆ.
ಕಾವಲುಗಾರ ತಡೆದ: ಹೆಂಡತಿ ಒಳಗಿದ್ದರೆ ಇಲ್ಲೇ ಕೂತಿರು.
ಚೀಟಿ ತೋರಿಸಿದೆ. ಚೀಟಿ ನೋಡಿದ, ನನ್ನ ನೋಡಿದ,
ಚೀಟಿಯನ್ನೇ ಇನ್ನೊಮ್ಮೆ ನೋಡಿದ.
ಕಪ್ಪು ಅಬಾಯಾಗಳ ನಡುವೆ ದಾರಿ ಬಿಡಿಸಿಕೊಂಡು ಹೋಗುವಾಗ
ನೆಲದ ಟೈಲ್ಸ್ ಎಣಿಸಿದೆ, ಹದಿನೇಳು.
ಫಾರಮ್ಮಿನಲ್ಲಿ ಕೇಳಿದ್ದರು: ಕೊನೆಯ ಮುಟ್ಟಿನ ತಾರೀಖು,
ಎಷ್ಟು ಮಕ್ಕಳಿಗೆ ಹಾಲೂಡಿಸಿದ್ದೀರಿ.
ನರ್ಸ್ ಮಾರಿಸೆಲ್ ಅದರ ಮೇಲೆ ಉದ್ದಕ್ಕೆ ಗೆರೆ ಎಳೆದಳು,
ನಾನು ಬಟ್ಟೆಯ ಮೇಲೆ ಸೀಮೆಸುಣ್ಣ ಎಳೆಯುವ ಹಾಗೆ,
ಕತ್ತರಿಗೆ ಮುಂಚೆ.

ಎದೆ ಸೀಳಿದರೆ ಎರಡಕ್ಷರವಿಲ್ಲ ಅನ್ನುತ್ತಿದ್ದರು
ಏಳನೇ ಕ್ಲಾಸಿನಲ್ಲಿ, ಬೆತ್ತದ ಸಮೇತ, ವಾಮನ ಮಾಸ್ಟ್ರು.
ಸೀಳಿದರು. ಸಿಕ್ಕಿತು. ಇ, ಆರ್.
ಮುಂದೆ ಪಾಸಿಟಿವ್ ಅಂತ ಬೇರೆ.
ಪಾಸಾದೆ ಮಾಸ್ಟ್ರೇ.

ಊರಿಗೆ ಫೋನು ಮಾಡಿ ಎದೆಯಲ್ಲೊಂದು ಗಡ್ಡೆ ಅಂದೆ.
ವಾರಿಜ ಹಾರ್ಟ್ ಎಂದುಕೊಂಡಳು. ತಿದ್ದಲಿಲ್ಲ.
ಹಾರ್ಟಿಗೆ ಮರ್ಯಾದೆಯಿದೆ. ಬೈಂದೂರಿನ ಬಸ್‌ಸ್ಟ್ಯಾಂಡಿನಲ್ಲಿ
ನಿಲ್ಲಿಸಿ ಕೇಳುತ್ತಾರೆ, ಎಣ್ಣೆತಿಂಡಿ ಬಿಡಿಸಲು ಹೇಳುತ್ತಾರೆ.
ಭಾಷೆಯೂ ನನ್ನ ಪರವಾಗಿಯೇ ಇತ್ತು:
ಗಂಡಸಿಗೆ ಕೊಟ್ಟದ್ದು ಎದೆ, ಒಡ್ಡುವುದಕ್ಕೆ, ತಟ್ಟಿಕೊಳ್ಳುವುದಕ್ಕೆ.
ಇನ್ನೊಂದು ಪದವನ್ನು ಹೆಂಗಸರಿಗೂ ಬೈಗುಳಕ್ಕೂ ಬಿಟ್ಟದ್ದು.

ವಾದಿ ಕಬೀರಿನ ಕೋಣೆಯಲ್ಲಿ ಆರು ಮಂಚ.
ಜೂನ್ ಸೆಕೆಗೆ ಎಲ್ಲರೂ ಬರಿಮೈ, ನಾನೊಬ್ಬ ಅಂಗಿಯಲ್ಲಿ.
ಬಚ್ಚಲ ಕನ್ನಡಿಯೆದುರು ನನ್ನನ್ನೇ ಅಳೆದುಕೊಂಡೆ:
ಬಲಕ್ಕೂ ಎಡಕ್ಕೂ ಒಂದೂಕಾಲು ಇಂಚು ಅಂತರ.
ಗಿರಾಕಿಯಾಗಿದ್ದರೆ ಒಳಗೊಂದು ಕ್ಯಾನ್‌ವಾಸ್ ಕೊಟ್ಟು
ಯಾರಿಗೂ ಗೊತ್ತಾಗದಂತೆ ಮುಗಿಸುತ್ತಿದ್ದೆ.

ಆದರೆ ಡಾಕ್ಟರು ಕೇಳಿದ್ದರು, ಮನೆಯಲ್ಲಿ ಬೇರೆ ಯಾರಿಗಾದರೂ?
ಸೇಸಿ ಅತ್ತೆ.
ಬಿಗಿದು ಹೊದ್ದ ಸೆರಗು, ಅದರ ಮೇಲೆ ಟರ್ಕಿ ಟವೆಲು.
ಹತ್ತಿರ ಹೋದರೆ ವಾಸನೆ, ಮಕ್ಕಳು ನಾವು ಓಡುತ್ತಿದ್ದೆವು.
ಹೆಂಗಸರ ಕಾಯಿಲೆ ಅಂದಿದ್ದರು, ಸತ್ತಾಗ. ಅಷ್ಟೆ.
ರಕ್ತದಲ್ಲಿ ಇಳಿದು ಬರಬಹುದು, ಅಂದರು ಡಾಕ್ಟರು.
ಮಗಳಿದ್ದಾಳೆಯೇ?

ಶುಕ್ರವಾರ. ಅಂಗಡಿ ಮುಚ್ಚಿತ್ತು.
ಸಂಜೆಯಾದರೂ ಕಡಲ ಕಟ್ಟೆಯ ಕಲ್ಲು ಸುಡುತ್ತಿತ್ತು.
ನಿಶ್ಮಿತಾ, ಅಂದೆ. ಅಮ್ಮ ಹೇಳಿದ್ದು ಸರಿಯಲ್ಲ. ಹಾರ್ಟ್ ಅಲ್ಲ.
ಹೆತ್ತ ಮಗಳ ಮುಂದೆ ಎಂದೂ ಆಡದ ಪದ
ತುಟಿಯಲ್ಲಿ ಕಚ್ಚಿದ ಗುಂಡುಸೂಜಿಯ ಹಾಗೆ,
ನುಂಗುವಂತಿಲ್ಲ, ಉಗುಳಿದರೆ ಯಾರ ಕಾಲಿಗೋ.
ಮೊಲೆಯ ಕ್ಯಾನ್ಸರ್, ಅಂದೆ. ನನಗೆ.
ನೀನೂ ಒಮ್ಮೆ ತೋರಿಸಿಕೊಳ್ಳಬೇಕು.

ಆ ಕಡೆ ಕುಕ್ಕರ್ ಎರಡು ಸಲ ಕೂಗಿತು.
ಆಮೇಲೆ ಟೈಲರನ ಮಗಳು:
ಅಪ್ಪ, ಹೊಲಿಗೆ ಸರಿ ಹಾಕಿದ್ದಾರಾ?

ಅಡ್ಡಿಲ್ಲ, ಅಂದೆ. ಕೊನೆಯ ಗಂಟು ಮಾತ್ರ
ಸ್ವಲ್ಪ ಹೊರಗೇ ಉಳಿದಿದೆ.